ರಕ್ತದಲ್ಲಿ ಬಂದುದೆಲ್ಲ ಹಣೆಬರಹವಲ್ಲ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನ ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ನಿವೃತ್ತ ಮಾಸ್ತರರು ಸಾಮಾನ್ಯವಾಗಿ ಬರೆಯುವ ಹಳೆಯ ನೆನಪುಗಳನ್ನೇ ನಾನೂ ಬರೆಯೋಣವೆಂದು ಲೇಖನಿ ಹಿಡಿದೆ. ಆದರೆ ನೆನಪಿನ ಗಂಟನ್ನು ಬಿಚ್ಚಿದೊಡನೆ ಮೊದಲು ಹೊರಬಿದ್ದುದು, ನಾನು ಒಬ್ಬ ವಿದ್ಯಾರ್ಥಿಗೆ ಕೊಟ್ಟ ಒಂದು ತಪ್ಪು ಉತ್ತರ. ಆ ತಪ್ಪನ್ನು ಇಲ್ಲಿ ಒಪ್ಪಿಕೊಂಡು, ಅದರ ಸುತ್ತಲಿನ ವಿಷಯವನ್ನು ನನಗೆ ತಿಳಿದಮಟ್ಟಿಗೆ ವಿವೇಚಿಸುವುದೇ ಈ ಬರಹದ ಉದ್ದೇಶ.

೧೯೮೮ರ ಸುಮಾರಿನ ಮಾತು. ಹತ್ತನೆಯ ತರಗತಿಗೆ ಆನುವಂಶೀಯತೆಯ ಪಾಠ ನಡೆದಿತ್ತು. ಮೆಂಡೆಲನ ಬಟಾಣಿ ಗಿಡಗಳು, ಎತ್ತರ-ಗಿಡ್ಡ ಗುಣಗಳು, ಕರಿಹಲಗೆಯ ಮೇಲೆ ನಾಲ್ಕು ಮನೆಯ ಚೌಕ, ಇವೆಲ್ಲವನ್ನೂ ಉತ್ಸಾಹದಿಂದ ವಿವರಿಸಿ ಹೊರಬಂದೆ. ಪ್ರಸಾದನಿಲಯದ ಹುಡುಗನೊಬ್ಬ ಹಿಂದೆಯೇ ಬಂದು, ಸುತ್ತ ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ಕೇಳಿದ: “ಸರ, ಅವ್ವಗ ತಲಿ ಕೆಟ್ರ ಮಕ್ಕಳಿಗೂ ಬರತೈತೇನ್ರಿ?” ಆಗತಾನೆ ಬಿಡಿಸಿದ ಚೌಕ ನನ್ನ ತಲೆಯಲ್ಲಿತ್ತು. “ಅರ್ಧಕ್ಕರ್ಧ ಸಂಭವ ಇರ್ತದಪ್ಪಾ” ಎಂದುಬಿಟ್ಟೆ. ಅವನ ಪ್ರಶ್ನೆಯ ಹಿಂದೆ ಏನಿದೆಯೆಂದು ವಿಚಾರಿಸುವ ವ್ಯವಧಾನ ನನಗಿರಲಿಲ್ಲ.

ಸುಮಾರು ಮೂವತ್ತು ವರ್ಷಗಳ ತರುವಾಯ ಬಸ್ ನಿಲ್ದಾಣವೊಂದರಲ್ಲಿ ಅವನೇ ನನ್ನನ್ನು ಗುರುತಿಸಿ ಕಾಲಿಗೆರಗಿದ. ಒಳ್ಳೆಯ ನೌಕರಿಯಲ್ಲಿದ್ದ. ಆರೋಗ್ಯವಂತನಾಗಿದ್ದ. ಮಕ್ಕಳೆಷ್ಟು ಎಂದು ಕೇಳಿದೆ. ಲಗ್ನವಾಗಿಲ್ಲವೆಂದ. ಕಾರಣ ಕೇಳಿದಾಗ ನಕ್ಕು, “ನೀವು ಹೇಳಿದ್ರಲ್ಲರಿ ಸರ, ಅರ್ಧಕ್ಕರ್ಧ” ಎಂದ. ಆ ಮಾತಿನಲ್ಲಿ ಆಕ್ಷೇಪಣೆಯ ಲವಲೇಶವೂ ಇರಲಿಲ್ಲ. ಆದುದರಿಂದಲೇ ಅದು ನನ್ನನ್ನು ಇಂದಿಗೂ ಚುಚ್ಚುತ್ತಿದೆ.

ಮನಸ್ಸಿಗೆ ಏರಿಳಿತ ಸಹಜ. ಬೆಳೆ ಕೈಕೊಟ್ಟಾಗ ದುಃಖ, ಮಗಳ ಸಂಬಂಧ ಕೂಡಿಬಂದಾಗ ಹಿಗ್ಗು; ಇವು ರೋಗವಲ್ಲ. ಆದರೆ ವಾರಗಟ್ಟಲೆ ಮನಸ್ಸು ಕುಗ್ಗಿ, ಊಟ-ನಿದ್ರೆಗಳ ಕ್ರಮ ತಪ್ಪಿ, ಯಾವುದರಲ್ಲಿಯೂ ಆಸಕ್ತಿಯಿಲ್ಲದೆ, ಬದುಕೇ ಬೇಡವೆನಿಸುವ ಸ್ಥಿತಿ ಬಂದರೆ ಅದನ್ನು ವೈದ್ಯರು ಖಿನ್ನತೆ ಎನ್ನುತ್ತಾರೆ. ಇದಕ್ಕೆ ವಿರುದ್ಧವಾಗಿ, ನಿದ್ರೆಯ ಅಗತ್ಯವೇ ಇಲ್ಲದಂತೆ ಓಡಾಡುವುದು, ಮಾತಿಗೆ ಕಡಿವಾಣವಿಲ್ಲದಿರುವುದು, ಸಾಲ ಮಾಡಿ ಖರ್ಚುಮಾಡುವುದು, ತಾನೊಬ್ಬ ಮಹಾಪುರುಷನೆಂದು ಭಾವಿಸುವುದು ಉನ್ಮಾದ. ಇವೆರಡೂ ಒಬ್ಬನಲ್ಲಿಯೇ ಬೇರೆಬೇರೆ ಕಾಲಗಳಲ್ಲಿ ಕಾಣಿಸಿಕೊಂಡರೆ ಅದು ದ್ವಿಧ್ರುವ ಕಾಯಿಲೆ. ಜರ್ಮನಿಯ ಎಮಿಲ್ ಕ್ರೇಪೆಲಿನ್ ೧೮೯೯ರಲ್ಲಿ ಇದನ್ನು ಉನ್ಮಾದ-ವಿಷಾದ ರೋಗವೆಂದು ಹೆಸರಿಸಿ, ಬುದ್ಧಿಯನ್ನೇ ಕ್ರಮೇಣ ಕುಂದಿಸುವುದೆಂದು ತಾನು ಭಾವಿಸಿದ್ದ ಇನ್ನೊಂದು ರೋಗದಿಂದ ಬೇರ್ಪಡಿಸಿದನು. ಇವನ್ನೆಲ್ಲ ಒಟ್ಟಾಗಿ ಭಾವವೈಪರೀತ್ಯದ ಕಾಯಿಲೆಗಳೆಂದು ಕರೆಯೋಣ.

ಇವು ಕೆಲವು ಮನೆತನಗಳಲ್ಲಿ ಹೆಚ್ಚಾಗಿ ಕಾಣುತ್ತವೆಂಬ ಹಿರಿಯರ ಮಾತು ಸುಳ್ಳಲ್ಲ. ದ್ವಿಧ್ರುವ ಕಾಯಿಲೆ ಜನಸಾಮಾನ್ಯರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ತಂದೆ, ತಾಯಿ ಅಥವಾ ಒಡಹುಟ್ಟಿದವರಿಗೆ ಆ ಕಾಯಿಲೆ ಇದ್ದರೆ ಸಂಭವವು ನೂರಕ್ಕೆ ೫ ರಿಂದ ೧೦ರವರೆಗೆ ಏರುತ್ತದೆ. ಒಂದೇ ಭ್ರೂಣ ಇಬ್ಭಾಗವಾಗಿ ಹುಟ್ಟಿದ ಸರ್ವಸಮ ಅವಳಿಗಳಲ್ಲಿ ಒಬ್ಬನಿಗೆ ಬಂದರೆ ಇನ್ನೊಬ್ಬನಿಗೂ ಬರುವ ಸಂಭವ ನೂರಕ್ಕೆ ೪೦ ರಿಂದ ೭೦. ಬರಿಯ ಖಿನ್ನತೆಯಲ್ಲಿ ವಂಶದ ಪಾಲು ಇದಕ್ಕಿಂತ ಕಡಿಮೆ. ಹತ್ತಿರದ ರಕ್ತಸಂಬಂಧಿಗಳಲ್ಲಿ ಅದು ಎರಡು-ಮೂರು ಪಟ್ಟು ಹೆಚ್ಚಾಗಿ ಕಾಣುತ್ತದೆ.

ಈ ಅಂಕಿಗಳನ್ನು ಓದುವ ರೀತಿಯೇ ಮುಖ್ಯ. ನೂರಕ್ಕೆ ಒಂದು ಇದ್ದುದು ಹತ್ತಾಯಿತೆಂದು ಗಾಬರಿಯಾಗುವವರು, ಉಳಿದ ತೊಂಬತ್ತು ಮಕ್ಕಳಿಗೆ ಆ ಕಾಯಿಲೆ ಬರಲೇ ಇಲ್ಲವೆಂಬುದನ್ನು ಮರೆಯುತ್ತಾರೆ. ಅವಳಿಗಳ ವಿಷಯವೂ ಹಾಗೆಯೇ. ಒಂದೇ ಬೀಜ, ಒಂದೇ ಗರ್ಭ, ಒಂದೇ ಮನೆ. ಆದರೂ ನೂರರಲ್ಲಿ ೩೦ ರಿಂದ ೬೦ ಜೋಡಿಗಳಲ್ಲಿ ಒಬ್ಬನು ಕಾಯಿಲೆ ಬಿದ್ದರೂ ಮತ್ತೊಬ್ಬನು ಪಾರಾಗುತ್ತಾನೆ. ವಂಶವೇ ಸರ್ವಸ್ವವಾಗಿದ್ದರೆ ಇದು ಸಾಧ್ಯವಿರುತ್ತಿರಲಿಲ್ಲ. ವಂಶವು ಏನೂ ಅಲ್ಲವಾಗಿದ್ದರೆ ಮೊದಲಿನ ಅಂಕಿಗಳೂ ಇರುತ್ತಿರಲಿಲ್ಲ. ಈ ಎರಡು ಸತ್ಯಗಳನ್ನು ಒಟ್ಟಿಗೆ ಹಿಡಿದುಕೊಳ್ಳಲು ನಮಗೆ ಕಷ್ಟವಾಗುತ್ತದೆ. ಅನರ್ಥಗಳೆಲ್ಲ ಅಲ್ಲಿಂದಲೇ ಹುಟ್ಟುತ್ತವೆ.

ಕಷ್ಟವಾದುದು ನನ್ನಂಥ ಮಾಸ್ತರರಿಗಷ್ಟೇ ಅಲ್ಲ, ದೊಡ್ಡ ದೊಡ್ಡ ವಿಜ್ಞಾನಿಗಳಿಗೂ ಕೂಡ. ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಪ್ರಾಂತದಲ್ಲಿ ಆಮಿಶ್ ಎಂಬ ಕ್ರೈಸ್ತ ಪಂಗಡವಿದೆ. ಒಕ್ಕಲುತನವೇ ಅವರ ಸಾಂಪ್ರದಾಯಿಕ ಕಸುಬು. ಮೋಟಾರು ವಾಹನವನ್ನು ಇಟ್ಟುಕೊಳ್ಳದೆ ಕುದುರೆಗಾಡಿಯಲ್ಲಿ ಓಡಾಡುತ್ತಾರೆ, ತಮ್ಮವರಲ್ಲಿಯೇ ಕೊಟ್ಟುತರುತ್ತಾರೆ, ವಂಶಾವಳಿಯನ್ನು ಜೋಪಾನವಾಗಿ ಬರೆದಿಡುತ್ತಾರೆ. ಜಾನಿಸ್ ಈಗ್ಲೆಂಡ್ ಎಂಬ ವಿದುಷಿ ೧೯೭೬ರಲ್ಲಿ ಅವರ ನಡುವೆ ಭಾವವೈಪರೀತ್ಯದ ಅಧ್ಯಯನವನ್ನು ಕೈಗೊಂಡರು. ೧೮೮೦ ರಿಂದ ೧೯೮೦ರವರೆಗಿನ ನೂರು ವರ್ಷಗಳಲ್ಲಿ ಅಲ್ಲಿ ನಡೆದ ೨೬ ಆತ್ಮಹತ್ಯೆಗಳಲ್ಲಿ ಸುಮಾರು ಮುಕ್ಕಾಲು ಪಾಲು ಕೇವಲ ನಾಲ್ಕು ವಂಶಗಳಲ್ಲಿ ಕೂಡಿಕೊಂಡಿದ್ದುವೆಂದು ಅವರು ೧೯೮೫ರಲ್ಲಿ ಪ್ರಕಟಿಸಿದರು. “ಅದು ರಕ್ತದಲ್ಲಿಯೇ ಇದೆ” ಎಂದು ಆಮಿಶರು ತಮ್ಮ ಭಾಷೆಯಲ್ಲಿ ಅನ್ನುತ್ತಾರಂತೆ. ನಮ್ಮ ಹಳ್ಳಿಯ ಅಜ್ಜಿಯರ ಮಾತೂ ಅದೇ.

೧೯೮೭ರಲ್ಲಿ ಈ ತಂಡದವರು ೮೧ ಜನರ ಒಂದೇ ವಂಶವನ್ನು ಪರೀಕ್ಷಿಸಿ, ಕಾಯಿಲೆಯ ಮೂಲ ಹನ್ನೊಂದನೆಯ ವರ್ಣತಂತುವಿನ ತುದಿಯಲ್ಲಿದೆಯೆಂದು ‘ನೇಚರ್’ ಪತ್ರಿಕೆಯಲ್ಲಿ ಸಾರಿದರು. ಜಗತ್ತಿನಲ್ಲೆಲ್ಲ ಸುದ್ದಿಯಾಯಿತು. ಅದೇ ವರ್ಷ ಇಸ್ರೇಲಿನ ಕೆಲವು ಕುಟುಂಬಗಳನ್ನು ಪರಿಶೀಲಿಸಿದ ಇನ್ನೊಂದು ತಂಡ, ಮೂಲವು ಎಕ್ಸ್ ವರ್ಣತಂತುವಿನಲ್ಲಿದೆ ಎಂದಿತು. ಎರಡು ವರ್ಷ ಕಳೆಯುವಷ್ಟರಲ್ಲಿ ಆಮಿಶ್ ವಂಶದಲ್ಲಿ ನಿರೋಗಿಗಳೆಂದು ಎಣಿಸಿದ್ದ ಇಬ್ಬರು ಕಾಯಿಲೆ ಬಿದ್ದರು. ವಂಶದ ಇನ್ನಷ್ಟು ಕವಲುಗಳನ್ನು ಸೇರಿಸಿ ಲೆಕ್ಕ ಹಾಕಿದಾಗ ಹಿಂದಿನ ಫಲಿತಾಂಶ ನಿಲ್ಲಲಿಲ್ಲ. ೧೯೮೯ರಲ್ಲಿ ಅದೇ ಪತ್ರಿಕೆಯಲ್ಲಿ ಅದನ್ನು ಒಪ್ಪಿಕೊಂಡರು. ಎಕ್ಸ್ ವರ್ಣತಂತುವಿನ ಮಾತೂ ೧೯೯೩ರಲ್ಲಿ ಕುಸಿಯಿತು. ತಮ್ಮ ತಪ್ಪನ್ನು ಬಹಿರಂಗವಾಗಿ ತಿದ್ದಿಕೊಂಡ ಆ ವಿದ್ವಾಂಸರ ಬಗ್ಗೆ ನನಗೆ ಗೌರವವಿದೆ. ನಾನು ಕೂಡ ಅದೇ ಕಾಲದಲ್ಲಿ ಒಂದು ಜೀನು, ಒಂದು ರೋಗ ಎಂದು ನಂಬಿ ಪಾಠ ಹೇಳಿದವನು. ವ್ಯತ್ಯಾಸವಿಷ್ಟೇ, ನನ್ನ ತಿದ್ದುಪಡಿ ಬಹಳ ತಡವಾಯಿತು.

ಈಚಿನ ಸಂಶೋಧನೆ ನಮಗೆ ತೋರಿಸಿಕೊಟ್ಟ ಚಿತ್ರವೇ ಬೇರೆ. ೨೦೨೫ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ೨೯ ದೇಶಗಳ, ಖಿನ್ನತೆಯುಳ್ಳ ೬,೮೮,೦೦೦ಕ್ಕೂ ಹೆಚ್ಚು ಜನರ ಆನುವಂಶಿಕ ಮಾಹಿತಿಯನ್ನು ಪರಿಶೀಲಿಸಿ, ಕಾಯಿಲೆಯೊಂದಿಗೆ ನಂಟುಳ್ಳ ಸುಮಾರು ೭೦೦ ವ್ಯತ್ಯಾಸಗಳನ್ನು ಗುರುತಿಸಿದರು. ಅದೇ ವರ್ಷ ದ್ವಿಧ್ರುವ ಕಾಯಿಲೆಯ ೧,೫೮,೦೦೦ ರೋಗಿಗಳ ಅಧ್ಯಯನ ೨೯೮ ಸ್ಥಾನಗಳನ್ನು ತೋರಿಸಿತು. ಇವುಗಳಲ್ಲಿ ಒಂದೊಂದರ ಬಲವೂ ಅತ್ಯಲ್ಪ. ಇಂಥ ವ್ಯತ್ಯಾಸಗಳು ಕೆಲವೇ ದುರದೃಷ್ಟದ ಮನೆತನಗಳ ಆಸ್ತಿಯಲ್ಲ; ನಿಮ್ಮಲ್ಲಿ, ನನ್ನಲ್ಲಿ, ಬೀಗರ ಮನೆಯವರಲ್ಲಿ, ಎಲ್ಲರಲ್ಲಿಯೂ ಹಂಚಿಹೋಗಿವೆ. ಕೆಲವರಲ್ಲಿ ತುಸು ಹೆಚ್ಚು ಕೂಡಿವೆ, ಕೆಲವರಲ್ಲಿ ತುಸು ಕಡಿಮೆ. ಹನಿಹನಿ ಕೂಡಿ ಹಳ್ಳವಾದಂತೆ, ಅವುಗಳೊಡನೆ ಬದುಕಿನ ಪೆಟ್ಟುಗಳೂ ನಿದ್ರೆಗೇಡೂ ದುಶ್ಚಟಗಳೂ ಸೇರಿದಾಗ ಕೆಲವರಲ್ಲಿ ದಡ ಮೀರುತ್ತದೆ. ಖಿನ್ನತೆಗೆ ಸಂಬಂಧಿಸಿದ ಅಷ್ಟೂ ವ್ಯತ್ಯಾಸಗಳನ್ನು ಕೂಡಿಸಿ ಲೆಕ್ಕ ಹಾಕಿದರೂ, ಯಾರಿಗೆ ಬರುತ್ತದೆ, ಯಾರಿಗಿಲ್ಲ ಎಂಬ ಭೇದದಲ್ಲಿ ನೂರಕ್ಕೆ ಸುಮಾರು ಆರು ಪಾಲನ್ನು ಮಾತ್ರ ಅವು ವಿವರಿಸುತ್ತವೆ. ಹೀಗಿರಲು ರಕ್ತಪರೀಕ್ಷೆ ಮಾಡಿ ಒಂದು ಮಗುವಿನ ಭವಿಷ್ಯವನ್ನು ನುಡಿಯುತ್ತೇವೆನ್ನುವವರ ಮಾತಿಗೂ ಗಿಳಿಶಾಸ್ತ್ರಕ್ಕೂ ಹೆಚ್ಚು ಅಂತರವಿಲ್ಲ.

ಇನ್ನೊಂದು ಮಾತನ್ನು ಸ್ಪಷ್ಟಪಡಿಸಬೇಕು. ದ್ವಿಧ್ರುವ ಕಾಯಿಲೆಯಲ್ಲಿ ಆನುವಂಶೀಯತೆಯ ಪ್ರಮಾಣ ನೂರಕ್ಕೆ ೬೦ ರಿಂದ ೮೫, ಖಿನ್ನತೆಯಲ್ಲಿ ೩೭ರ ಆಸುಪಾಸು ಎಂದು ಪುಸ್ತಕಗಳಲ್ಲಿ ಬರೆದಿರುತ್ತದೆ. ಇದರ ಅರ್ಥ ರೋಗಿಯ ಮಗನಿಗೆ ನೂರಕ್ಕೆ ೮೫ ಸಂಭವವಿದೆಯೆಂದು ಅಲ್ಲವೇ ಅಲ್ಲ. ಒಂದೇ ಎರೆಹೊಲದಲ್ಲಿ ಹಲವು ತಳಿಯ ಜೋಳ ಬಿತ್ತಿದರೆ, ತೆನೆಗಳ ವ್ಯತ್ಯಾಸವೆಲ್ಲ ಬಹುಪಾಲು ಬೀಜದ್ದೇ ಆಗಿರುತ್ತದೆ. ಅದೇ ಬೀಜಗಳನ್ನು ಅರ್ಧ ಎರೆಗೂ ಅರ್ಧ ಮಸಾರಿಗೂ ಚೆಲ್ಲಿದರೆ, ವ್ಯತ್ಯಾಸದ ದೊಡ್ಡ ಪಾಲು ಮಣ್ಣಿನದಾಗುತ್ತದೆ. ಬೀಜ ಬದಲಾಗಲಿಲ್ಲ, ಲೆಕ್ಕ ಬದಲಾಯಿತು. ಆ ಅಂಕಿ ಹೇಳುವುದು ಸಮುದಾಯದೊಳಗಿನ ವ್ಯತ್ಯಾಸದ ಹಂಚಿಕೆಯನ್ನೇ ಹೊರತು ಒಬ್ಬ ವ್ಯಕ್ತಿಯ ಹಣೆಬರಹವನ್ನಲ್ಲ.

ಈ ಸೂಕ್ಷ್ಮವನ್ನು ಮರೆತರೆ ಏನಾಗುತ್ತದೆಂಬುದಕ್ಕೆ ಇತಿಹಾಸವೇ ಸಾಕ್ಷಿ. ಜರ್ಮನಿಯ ಮ್ಯೂನಿಕ್ ನಗರದಲ್ಲಿ ಅರ್ನ್‌ಸ್ಟ್ ರೂಡಿನ್ ಎಂಬ ಹೆಸರಾಂತ ಮನೋವೈದ್ಯನಿದ್ದನು. ೧೯೨೦ರ ದಶಕದಲ್ಲಿ ಅವನು ಉನ್ಮಾದ-ವಿಷಾದ ರೋಗಿಗಳ ಕುಟುಂಬಗಳನ್ನು ಆಳವಾಗಿ ಅಭ್ಯಸಿಸಿದನು. ರೋಗವು ಮೆಂಡೆಲನ ಸರಳ ನಿಯಮಕ್ಕೆ ಹೊಂದಿಕೊಳ್ಳುವುದಿಲ್ಲವೆಂಬುದು ಅವನದೇ ಲೆಕ್ಕದಿಂದ ಹೊರಬಿತ್ತು. ಆ ಬರಹವನ್ನು ಅವನು ಪ್ರಕಟಿಸಲೇ ಇಲ್ಲ. ೧೯೩೩ರ ಜುಲೈ ೧೪ರಂದು ಹಿಟ್ಲರನ ಸರಕಾರ ಆನುವಂಶಿಕ ರೋಗಿಗಳಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡುವ ಕಾನೂನನ್ನು ತಂದಾಗ, ಅದರ ಪಟ್ಟಿಯಲ್ಲಿ ಉನ್ಮಾದ-ವಿಷಾದ ರೋಗವೂ ಇತ್ತು. ಆ ಕಾನೂನಿಗೆ ಅಧಿಕೃತ ವ್ಯಾಖ್ಯಾನ ಬರೆದವರಲ್ಲಿ ರೂಡಿನ್ನನೂ ಒಬ್ಬ. ಸುಮಾರು ನಾಲ್ಕು ಲಕ್ಷ ಜನ ಆ ಕತ್ತಿಗೆ ಸಿಕ್ಕರು. ಬಳಿಕ ೧೯೪೦ ಮತ್ತು ೧೯೪೧ರಲ್ಲಿ ಆಸ್ಪತ್ರೆಗಳ ಸುಮಾರು ೭೦,೦೦೦ ರೋಗಿಗಳನ್ನು ವಿಷಾನಿಲದಿಂದ ಕೊಂದರು. ಇದಕ್ಕೆಲ್ಲ ಬರಿಯ ಅಜ್ಞಾನ ಕಾರಣವೆನ್ನಲಾಗದು. ತಿಳಿದುದನ್ನು ಮುಚ್ಚಿಟ್ಟ ವಿದ್ವತ್ತೂ ಅದರ ಹಿಂದೆ ಇತ್ತೆಂಬುದನ್ನು ವಿದ್ಯಾವಂತರಾದ ನಾವು ನೆನಪಿಡತಕ್ಕದ್ದು.

ಅಂಥ ಕ್ರೌರ್ಯ ನಮ್ಮಲ್ಲಿಲ್ಲವೆಂದು ಸಮಾಧಾನಪಟ್ಟುಕೊಳ್ಳುವ ಮೊದಲು ನಮ್ಮ ಲಗ್ನದ ಮಾತುಕತೆಗಳನ್ನು ಒಮ್ಮೆ ನೆನೆಯೋಣ. ಹೆಣ್ಣು ನೋಡಲು ಬಂದವರು ಹೊಲ-ಮನೆ ವಿಚಾರಿಸಿದ ಮೇಲೆ, ಪಕ್ಕದ ಮನೆಯವರನ್ನು ಮೆಲ್ಲಗೆ ಕೇಳುವ ಪ್ರಶ್ನೆ ಯಾವುದು? “ಆ ಮನೆತನದಾಗ ಯಾರಿಗಾದ್ರೂ ಹುಚ್ಚು ಇತ್ತೇನ್ರಿ?” ಒಬ್ಬ ಸೋದರತ್ತೆ ಎಂದೋ ಆಸ್ಪತ್ರೆಗೆ ಹೋಗಿಬಂದುದಕ್ಕಾಗಿ ಮೂವರು ಅಕ್ಕತಂಗಿಯರ ಸಂಬಂಧಗಳು ಮುರಿದುಬಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಮನೆತನ ನೋಡಿ ಸಂಬಂಧ ಬೆಳೆಸುವುದು ಹಿರಿಯರ ಅನುಭವಜ್ಞಾನವಲ್ಲವೇ ಎಂದು ಕೆಲವರು ಕೇಳಬಹುದು. ಅವರಿಗೆ ನನ್ನ ಉತ್ತರವಿದು. ೨೦೧೫-೧೬ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದ ವಯಸ್ಕರಲ್ಲಿ ಇಪ್ಪತ್ತಕ್ಕೆ ಒಬ್ಬರು ಜೀವನದಲ್ಲಿ ಎಂದಾದರೂ ಖಿನ್ನತೆಗೆ ಒಳಗಾದವರು. ಅಜ್ಜ-ಅಜ್ಜಿ, ಅತ್ತೆ-ಮಾವ, ದೊಡ್ಡಪ್ಪ-ಚಿಕ್ಕಪ್ಪಂದಿರೆಂದು ನಮ್ಮ ಒಂದೊಂದು ಮನೆತನದಲ್ಲಿ ಮೂವತ್ತು-ನಲವತ್ತು ಜನರಾದರೂ ಇರುತ್ತಾರೆ. ಲೆಕ್ಕ ಹಾಕಿ ನೋಡಿರಿ, ಕಲೆಯಿಲ್ಲದ ಮನೆತನ ಎಲ್ಲಿದೆ? ನಾವು ಶುದ್ಧವೆಂದು ಹುಡುಕಿ ತರುವುದು ರೋಗವಿಲ್ಲದ ಮನೆಯನ್ನಲ್ಲ, ರೋಗವನ್ನು ಚೆನ್ನಾಗಿ ಮುಚ್ಚಿಟ್ಟ ಮನೆಯನ್ನು. ನಿಜ ಹೇಳಿದವರಿಗೆ ದಂಡ, ಮುಚ್ಚಿಟ್ಟವರಿಗೆ ಮನ್ನಣೆ. ಇಂಥ ಪದ್ಧತಿಯಿಂದ ವಂಶವೂ ಉದ್ಧಾರವಾಗದು, ಸತ್ಯವೂ ಉಳಿಯದು.

ಹಾಗೆಂದು ಕಾಯಿಲೆ ಇದ್ದವರು ಅದನ್ನು ಬಚ್ಚಿಟ್ಟು ಲಗ್ನವಾಗಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಬಾಳು ಹಂಚಿಕೊಳ್ಳುವವರಿಗೆ ತನ್ನ ಆರೋಗ್ಯದ ವಿಷಯವನ್ನು ತಿಳಿಸುವುದು ಧರ್ಮ. ತಿಳಿಸದೆ ಮಾಡಿದ ಲಗ್ನದಲ್ಲಿ ಗುಳಿಗೆಗಳನ್ನು ಕದ್ದು ನುಂಗಬೇಕಾಗುತ್ತದೆ, ಕೊನೆಗೆ ಬಿಡಬೇಕಾಗುತ್ತದೆ, ಕಾಯಿಲೆ ಮರುಕಳಿಸುತ್ತದೆ. ಕಾನೂನು ಕೂಡ ಈ ವಿವೇಕವನ್ನು ಬಲ್ಲುದು. ೧೯೫೫ರ ಹಿಂದೂ ವಿವಾಹ ಕಾಯಿದೆ ಮನೋರೋಗದ ಮಾತನ್ನು ಎತ್ತುತ್ತದೆ, ನಿಜ. ಆದರೆ ಬರಿಯ ರೋಗದ ಹೆಸರು ಸಾಲದು, ಅದರ ತೀವ್ರತೆಯನ್ನು ನೋಡಬೇಕೆಂದು ಸರ್ವೋಚ್ಚ ನ್ಯಾಯಾಲಯ ೧೯೮೮ರಲ್ಲಿ ವಿಚ್ಛೇದನದ ಮೊಕದ್ದಮೆಯೊಂದರಲ್ಲಿ ತೀರ್ಪಿತ್ತಿದೆ. ರೋಗಿಯ ವಿಷಯದಲ್ಲಿಯೇ ಇಷ್ಟು ಎಚ್ಚರಿಕೆ ಬೇಕೆಂದ ಮೇಲೆ, ರೋಗವೇ ಇಲ್ಲದ ತಂಗಿಗೆ, ಮಗಳಿಗೆ, ಸೋದರಳಿಯನಿಗೆ ಶಿಕ್ಷೆ ಏಕೆ?

ಮುಚ್ಚಿಡುವುದರಿಂದ ಆಗುವ ಅತಿದೊಡ್ಡ ಹಾನಿ ವೈದ್ಯರ ಕೋಣೆಯಲ್ಲಿ ಆಗುತ್ತದೆ. ಖಿನ್ನತೆಯಿಂದ ಬಂದ ತರುಣನ ಚಿಕ್ಕಪ್ಪನಿಗೆ ಉನ್ಮಾದವಿತ್ತೆಂಬುದು ತಿಳಿದರೆ ವೈದ್ಯರು ಔಷಧಿಯ ಆಯ್ಕೆಯಲ್ಲಿ ಎಚ್ಚರ ವಹಿಸುತ್ತಾರೆ. ಏಕೆಂದರೆ ಅಂಥವರಲ್ಲಿ ಖಿನ್ನತೆಯ ಔಷಧಿಯೊಂದನ್ನೇ ಕೊಟ್ಟರೆ ಕೆಲವೊಮ್ಮೆ ಉನ್ಮಾದ ಕೆರಳಬಹುದು. ಆಸ್ಟ್ರೇಲಿಯದ ಜಾನ್ ಕೇಡ್ ೧೯೪೯ರಲ್ಲಿ ಉನ್ಮಾದಕ್ಕೆ ಉಪಯುಕ್ತವೆಂದು ತೋರಿಸಿಕೊಟ್ಟ ಲಿಥಿಯಂ, ತಂದೆಗೆ ಗುಣ ಕೊಟ್ಟಿದ್ದರೆ ಮಗನಿಗೂ ಗುಣ ಕೊಡುವ ಸಂಭವ ಹೆಚ್ಚು. ನಮ್ಮವರು ಬಾಣಂತಿ ಸನ್ನಿ ಎಂದು ಕರೆಯುವ ಭೀಕರ ಸ್ಥಿತಿ ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ ಮಾತ್ರ ಬರುವಂಥದು. ಆದರೆ ದ್ವಿಧ್ರುವ ಕಾಯಿಲೆಯಿದ್ದ ಹೆಂಗಸರಲ್ಲಿ ಅದರ ಅಪಾಯ ಎಷ್ಟೋ ಪಟ್ಟು ಹೆಚ್ಚು. ಆಕೆಯ ತಾಯಿಗೋ ಅಕ್ಕನಿಗೋ ಬಾಣಂತನದಲ್ಲಿ ಹಾಗಾಗಿದ್ದರೆ ಇನ್ನೂ ಹೆಚ್ಚು. ಇದನ್ನು ಮೊದಲೇ ತಿಳಿಸಿದ್ದಲ್ಲಿ ಹೆರಿಗೆಯ ದಿನದಿಂದಲೇ ಕಾವಲಿಟ್ಟು ತಾಯಿ-ಮಗು ಇಬ್ಬರ ಪ್ರಾಣವನ್ನೂ ಉಳಿಸಬಹುದು. ವಂಶದ ಮಾಹಿತಿ ಬೀಗರ ಮನೆಯ ಪಡಸಾಲೆಯಲ್ಲಿ ಆಯುಧವಾಗುತ್ತದೆ. ವೈದ್ಯರ ಕೈಯಲ್ಲಿ ಔಷಧವಾಗುತ್ತದೆ. ನಾವಾದರೋ ಅದನ್ನು ಬೇಕಾದಲ್ಲಿ ಅಡಗಿಸಿ, ಬೇಡವಾದಲ್ಲಿ ಪಿಸುಗುಟ್ಟುತ್ತೇವೆ.

ಸಂಶೋಧನೆಗೂ ಈ ಮೌನ ಅಡ್ಡಿಯೇ. ಮೇಲೆ ಹೇಳಿದ ದೊಡ್ಡ ಅಧ್ಯಯನಗಳಲ್ಲಿ ಬಹುಸಂಖ್ಯಾತರು ಯುರೋಪಿನ ಮೂಲದವರು. ನಮ್ಮ ಜನರ ಮಾಹಿತಿ ಕೂಡದಿದ್ದರೆ ಅದರ ಫಲವೂ ನಮಗೆ ಪೂರ್ತಿಯಾಗಿ ದಕ್ಕದು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ವೈದ್ಯರೂ ಅದೇ ನಗರದ ಜೀವವಿಜ್ಞಾನಿಗಳೂ ಕೂಡಿ, ಒಂದಕ್ಕಿಂತ ಹೆಚ್ಚು ಮಂದಿಗೆ ಇಂಥ ಕಾಯಿಲೆಗಳು ಬಂದಿರುವ ಕುಟುಂಬಗಳನ್ನು ಕೆಲವು ವರ್ಷಗಳಿಂದ ಅಭ್ಯಸಿಸುತ್ತಿದ್ದಾರೆ. ಹೆದರದೆ ಮುಂದೆ ಬಂದ ಆ ಕುಟುಂಬಗಳಿಗೆ ನಾಡು ಋಣಿಯಾಗಿರಬೇಕು.

ಕೊನೆಗೆ ನಮ್ಮ ಶಾಲೆಯ ಮಾತು. ದ್ವಿಧ್ರುವ ಕಾಯಿಲೆ ಹೆಚ್ಚಾಗಿ ತಲೆಹಾಕುವುದು ಹದಿಹರೆಯದ ಕೊನೆಯಲ್ಲಿ ಮತ್ತು ಇಪ್ಪತ್ತರ ಆಚೀಚೆ. ಪ್ರೌಢಶಾಲೆ ಮತ್ತು ಕಾಲೇಜಿನ ಗುರುಗಳು ಮೊದಲು ಕಾಣತಕ್ಕವರು. ಚುರುಕಾಗಿದ್ದ ಹುಡುಗ ಮಂಕಾಗಿ ಕುಳಿತರೆ ಸೋಮಾರಿಯೆಂದು ಬೆತ್ತ ಎತ್ತುವ ಮುನ್ನ, ಅವನಿಗೆ ನಿದ್ರೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ ಎಂದು ವಿಚಾರಿಸಬೇಕು. ಪ್ರಸಾದನಿಲಯದ ಮೇಲ್ವಿಚಾರಕರು ಮಕ್ಕಳ ನಿದ್ರೆಯನ್ನು ಊಟದಷ್ಟೇ ಜೋಪಾನವಾಗಿ ನೋಡಿಕೊಳ್ಳಬೇಕು. ಸಹಾಯ ದೂರವೇನಿಲ್ಲ. ೧೯೮೦ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗ ಮಾಡಿ ತೋರಿಸಿದ ಮಾದರಿಯೇ ೧೯೯೬ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ೨೦೨೨ರಿಂದ ಟೆಲಿ-ಮಾನಸ್ ಎಂಬ ಉಚಿತ ದೂರವಾಣಿ ಸೇವೆ ೧೪೪೧೬ ಸಂಖ್ಯೆಯಲ್ಲಿ ದೊರೆಯುತ್ತಿದೆ. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ೨೦೧೭ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆ ರೋಗಿಯ ವಿಷಯವನ್ನು ಗುಟ್ಟಾಗಿಡುವ ಹಕ್ಕನ್ನು ಕೊಟ್ಟಿದೆ. ಈ ನಾಲ್ಕು ಸಾಲುಗಳನ್ನು ಪ್ರತಿ ಶಾಲೆಯ ಗೋಡೆಯ ಮೇಲೆ ಬರೆಸಿದರೆ ತಪ್ಪೇನಿಲ್ಲ.

ಆ ಹುಡುಗ ಇಂದು ಮತ್ತೆ ಹತ್ತನೆಯ ತರಗತಿಯವನಾಗಿ ನನ್ನೆದುರು ನಿಂತರೆ, ನಾನು ಮೊದಲು ಕರಿಹಲಗೆಯ ಚೌಕವನ್ನು ಒರೆಸಿಬಿಡುತ್ತೇನೆ. ಆಮೇಲೆ ಅವನನ್ನು ಪಕ್ಕದಲ್ಲಿ ಕೂಡಿಸಿಕೊಂಡು, “ಅವ್ವ ಈಗ ಹ್ಯಾಂಗದಾಳಪ್ಪಾ?” ಎಂದು ಕೇಳುತ್ತೇನೆ. ಅದಾದ ಮೇಲೆ ಹೇಳುತ್ತೇನೆ: ನಿನಗೆ ಬರುವ ಸಂಭವ ಬೇರೆಯವರಿಗಿಂತ ತುಸು ಹೆಚ್ಚು, ಬಾರದಿರುವ ಸಂಭವ ಅದಕ್ಕಿಂತ ಬಹುಪಾಲು ಹೆಚ್ಚು. ಬಂದರೂ ಅದಕ್ಕೆ ಔಷಧಿಯುಂಟು, ಆರೈಕೆಯುಂಟು, ಅದರೊಡನೆ ದುಡಿದು ಸಂಸಾರ ಮಾಡಿದವರುಂಟು. ನಿದ್ರೆಗೆಡಬೇಡ, ಚಟ ಹತ್ತಿಸಿಕೊಳ್ಳಬೇಡ, ಮನಸ್ಸು ತಪ್ಪುತ್ತಿದೆ ಎನಿಸಿದರೆ ಬಾಯಿಬಿಟ್ಟು ಹೇಳು.

ಹುಟ್ಟಿನಿಂದ ಮನುಷ್ಯನ ಬೆಲೆ ಕಟ್ಟಬಾರದೆಂಬ ಮಾತನ್ನು ಈ ನಾಡು ಬಹಳ ಹಿಂದೆಯೇ ಕೇಳಿದೆ. ವಿಜ್ಞಾನ ತನ್ನ ದಾರಿಯಲ್ಲಿ ನಡೆದು, ಎಡವಿ, ಎದ್ದು, ಈಗ ಅದರ ಹತ್ತಿರಕ್ಕೆ ಬಂದಿದೆ. ನನಗೆ ಅಂದು ಹೊಳೆಯದ ಉತ್ತರ ನಮ್ಮ ಶಾಲೆಯ ಇಂದಿನ ಗುರುಗಳಿಗಾದರೂ ಸಕಾಲದಲ್ಲಿ ಹೊಳೆಯಲಿ.